ಪಾಠ ಶುರುವಾಗಲಿ ಶಾಲೆಯ ಮೀಟರಿನಿಂದ

ಡಿಸೆಂಬರ್ 14, ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ‘ವಿದ್ಯುತ್ ಉಳಿಸಿ, ಭೂಮಿ ಉಳಿಸಿ’ ಎಂಬ ಚಿತ್ರಗಳು ಅಂದು ಶಾಲೆಯ ಗೋಡೆ ತುಂಬುತ್ತವೆ. ಚಿತ್ರ ಬರೆದ ಮಗುವಿಗೇ ಒಂದು ಯೂನಿಟ್ ಎಂದರೆ ಎಷ್ಟು ಎಂದು ಕೇಳಿ ನೋಡಿ, ಉತ್ತರ ಬರುವುದು ಕಷ್ಟ. ಏಳರಿಂದ ಒಂಬತ್ತನೇ ತರಗತಿಯವರಿಗೆ ಘೋಷಣೆಗಿಂತ ಮೊದಲು ಅಳತೆ ಕಲಿಸಬೇಕು. ಬೇಕಾಗುವುದು ಶಾಲೆಯ ಮೀಟರ್, ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಮತ್ತು ನಾಲ್ಕು ವಾರ.

ಮೊದಲ ವಾರ: ರೀಡಿಂಗ್

ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಮ್ಮೆ, ಸಂಜೆ ಕೊನೆಯ ಬೆಲ್ ಆದ ಮೇಲೆ ಒಮ್ಮೆ, ಇಬ್ಬರು ಮಕ್ಕಳು ಶಿಕ್ಷಕರ ಜೊತೆ ಹೋಗಿ ರೀಡಿಂಗ್ ಬರೆದುಕೊಳ್ಳಲಿ. ಬೋರ್ಡಿನಿಂದ ಮೂರು ಅಡಿ ದೂರ ನಿಲ್ಲಬೇಕು, ಏನನ್ನೂ ಮುಟ್ಟಬಾರದು. ಎಲೆಕ್ಟ್ರಾನಿಕ್ ಮೀಟರಿನ ಪರದೆ ದಿನಾಂಕ, ವೋಲ್ಟೇಜ್, ಗರಿಷ್ಠ ಬೇಡಿಕೆ ಎಂದು ಒಂದಾದ ಮೇಲೊಂದು ಅಂಕಿ ತೋರಿಸುತ್ತಿರುತ್ತದೆ. ಮಕ್ಕಳು ತಪ್ಪುವುದು ಇಲ್ಲಿಯೇ. ‘ಕೆಡಬ್ಲ್ಯುಎಚ್’ (kWh) ಎಂದು ಗುರುತಿರುವ ಅಂಕಿಯನ್ನಷ್ಟೇ ದಶಾಂಶ ಬಿಂದು ಸಮೇತ ಬರೆಯಬೇಕು. ಯೂನಿಟ್ ಎನ್ನುವುದು ಇದನ್ನೇ: ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಕೆಲವು ದೊಡ್ಡ ಶಾಲೆಗಳ ಮೀಟರಿಗೆ ಗುಣಕ ಇರುತ್ತದೆ, ಅದು ಬಿಲ್ಲಿನಲ್ಲಿ ಸಿಗುತ್ತದೆ. ಅದರಿಂದ ಗುಣಿಸುವುದನ್ನು ಮರೆತರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಸಂಜೆಯಿಂದ ಮರುದಿನ ಬೆಳಗಿನವರೆಗೆ ಖರ್ಚಾದ ಯೂನಿಟ್‌ಗಳನ್ನು ಬೇರೆಯಾಗಿಯೇ ಬರೆಸಿ. ಈ ಅಭ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಅಂಕಿ ಇದು. ಯಾರೂ ಇಲ್ಲದ ಶಾಲೆಯಲ್ಲಿ ಏನು ಓಡುತ್ತಿದೆ? ಕಾರಿಡಾರ್ ದೀಪ, ಕಂಪ್ಯೂಟರ್ ಕೋಣೆಯ ಯುಪಿಎಸ್, ಸಿಸಿಟಿವಿ, ಆಫ್ ಮಾಡಲು ಮರೆತ ಪಂಪ್‌ಸೆಟ್. ಪಟ್ಟಿಯನ್ನು ಮಕ್ಕಳೇ ಹುಡುಕಿ ಮಾಡಲಿ.

ಎರಡನೇ ವಾರ: ಮಿನುಗು ಎಣಿಕೆ

ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು ಅಲ್ಲೇ ಮುದ್ರಿತವಾಗಿರುತ್ತದೆ. ಹಲವು ಮೀಟರ್‌ಗಳಲ್ಲಿ ಅದು 3200. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್, ಹಾಗಾಗಿ ಒಂದು ಮಿನುಗಿಗೆ 1125 ಜೂಲ್. ಹತ್ತು ಮಿನುಗಿಗೆ ಹಿಡಿದ ಸೆಕೆಂಡುಗಳಿಂದ 11,250 ಅನ್ನು ಭಾಗಿಸಿದರೆ ಉರಿಯುತ್ತಿರುವ ಒಟ್ಟು ವಾಟ್ ಸಿಗುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಅದರಿಂದ ಭಾಗಿಸಿ ಹೊಸದಾಗಿ ಲೆಕ್ಕ ಹಾಕಿ.

ಒಂದು ಶನಿವಾರ ಮಕ್ಕಳು ಹೊರಟ ಮೇಲೆ ಅಳತೆ ಮಾಡುವ ತಂಡವನ್ನಷ್ಟೇ ಉಳಿಸಿಕೊಂಡು ಎಲ್ಲ ಸ್ವಿಚ್ ಆರಿಸಿ. ಮೀಟರ್ ಆಗಲೂ ಮಿನುಗಿದರೆ ಎಲ್ಲೋ ಏನೋ ಓಡುತ್ತಿದೆ ಎಂದರ್ಥ. ಅದನ್ನು ಹುಡುಕಿ ಆರಿಸಿ, ಇಲ್ಲವೇ ಅದರ ವಾಟ್ ಅಳೆದು ಮುಂದಿನ ಅಂಕಿಗಳಿಂದ ಕಳೆಯಿರಿ. ಈಗ ಒಂದೇ ಫ್ಯಾನ್ ಹಾಕಿ. ಹತ್ತು ಮಿನುಗಿಗೆ 150 ಸೆಕೆಂಡ್ ಬಂದರೆ ಅದು 75 ವಾಟ್‌ನ ಫ್ಯಾನ್. 20 ವಾಟ್‌ನ ಒಂದು ಎಲ್‌ಇಡಿ ಟ್ಯೂಬ್‌ಗೆ ಒಂಬತ್ತು ನಿಮಿಷ ದಾಟುತ್ತದೆ, ಮಕ್ಕಳು ಎಣಿಕೆ ತಪ್ಪುತ್ತಾರೆ. ಹತ್ತು ಟ್ಯೂಬ್ ಒಟ್ಟಿಗೆ ಹಾಕಿ ಹತ್ತರಿಂದ ಭಾಗಿಸುವುದು ಸುಲಭ.

ಅದೇ ಫ್ಯಾನನ್ನು 5ರಲ್ಲಿ ಒಮ್ಮೆ, 2ರಲ್ಲಿ ಒಮ್ಮೆ ಅಳೆಯಿರಿ. ಹಳೆಯ ಡಬ್ಬಿ ರೆಗ್ಯುಲೇಟರ್ ಆದರೆ ವೇಗ ಇಳಿದಷ್ಟು ವಾಟ್ ಇಳಿಯುವುದಿಲ್ಲ, ಒಂದಷ್ಟು ವಿದ್ಯುತ್ ಡಬ್ಬಿಯೊಳಗೇ ಶಾಖವಾಗಿ ಹೋಗುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಉಳಿತಾಯ ಎದ್ದು ಕಾಣುತ್ತದೆ.

ಇನ್ನು ತರಗತಿಯ ಲೆಕ್ಕ. ನಾಲ್ಕು ಫ್ಯಾನ್, ದಿನಕ್ಕೆ ಆರು ಗಂಟೆ: 1.8 ಯೂನಿಟ್. ನಾಲ್ಕು ಎಲ್‌ಇಡಿ ಟ್ಯೂಬ್, ಅಷ್ಟೇ ಹೊತ್ತು: 0.48. ಹೆಚ್ಚು ಖರ್ಚು ದೀಪದ್ದೇ ಇರಬೇಕು ಎಂದುಕೊಂಡ ಮಕ್ಕಳಿಗೆ ಇದು ಅಚ್ಚರಿ. ಫ್ಯಾನ್‌ಗಳನ್ನು 30 ವಾಟ್‌ನ ಬಿಎಲ್‌ಡಿಸಿಗೆ (ಕಡಿಮೆ ವಿದ್ಯುತ್ ಬಳಸುವ ಮೋಟರಿನ ಫ್ಯಾನ್) ಬದಲಿಸಿದರೆ 1.8 ಇದ್ದದ್ದು 0.72 ಆಗುತ್ತದೆ.

ಮೂರನೇ ವಾರ: ಯೂನಿಟ್‌ನಿಂದ ಹವಾಮಾನಕ್ಕೆ

ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಉತ್ಪಾದಿಸಲು ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ‘ನಮ್ಮದು ಶರಾವತಿ ಕರೆಂಟು, ಹೊಗೆಯೇ ಇಲ್ಲ’ ಎಂದು ಸಾಗರದ ಮಗು ಹೇಳಬಹುದು. ಶರಾವತಿಯ ನೀರು, ಪಾವಗಡದ ಬಿಸಿಲು, ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ಎಲ್ಲವೂ ಒಂದೇ ಜಾಲಕ್ಕೆ ಸೇರುತ್ತವೆ ಎಂದು ನಕ್ಷೆ ಬರೆದು ತೋರಿಸಿ. 0.7 ಕಿಲೋ ಅನಿಲ ನಮ್ಮ ಕೋಣೆಯ ಉಷ್ಣತೆಯಲ್ಲಿ ಸುಮಾರು 390 ಲೀಟರ್ ಜಾಗ ಹಿಡಿಯುತ್ತದೆ. 20 ಲೀಟರ್‌ನ ನೀರಿನ ಕ್ಯಾನ್ ಒಂದನ್ನು ಮೇಜಿನ ಮೇಲಿಟ್ಟು, ಇಂಥ ಇಪ್ಪತ್ತು ಕ್ಯಾನ್ ಎನ್ನಿ. ಕಣ್ಣಿಗೆ ಕಾಣದ ಅನಿಲಕ್ಕೆ ಆಗ ಒಂದು ಗಾತ್ರ ಬರುತ್ತದೆ.

ಎರಡು ಬಾಟಲಿಗೆ ದೀಪದ ಶಾಖ ಕೊಟ್ಟು, ಒಂದರೊಳಗೆ ವಿನೆಗರ್ ಮತ್ತು ಅಡುಗೆ ಸೋಡಾದಿಂದ ಅನಿಲ ತುಂಬಿಸಿ, ‘ನೋಡಿ, ಇದು ಬೇಗ ಬಿಸಿಯಾಯಿತು’ ಎನ್ನುವ ಪ್ರಯೋಗ ಬಹಳ ಕಡೆ ನಡೆಯುತ್ತದೆ. ಅದನ್ನು ಕೈಬಿಡಿ. ಅಲ್ಲಿ ಕಾಣುವ ವ್ಯತ್ಯಾಸಕ್ಕೆ ಹೆಚ್ಚಾಗಿ ಭಾರದ ಅನಿಲ ಮೇಲೇಳದೆ ಉಳಿಯುವುದು ಕಾರಣ. ಭೂಮಿ ಹೊರಸೂಸುವ ಅವಕೆಂಪು ಕಿರಣವನ್ನು ವಾತಾವರಣ ಹೀರಿಕೊಳ್ಳುವುದು ಬೇರೆಯೇ ಕ್ರಿಯೆ. ಬದಲಿಗೆ ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತಿರುವ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇದ್ದದ್ದು ಈಗ 420 ದಾಟಿದೆ. ಓಜೋನ್ ಪದರದ ರಂಧ್ರದಿಂದ ಭೂಮಿ ಬಿಸಿಯಾಗುತ್ತಿದೆ ಎಂಬ ತಪ್ಪು ಕಲ್ಪನೆಯನ್ನು ಇದೇ ತರಗತಿಯಲ್ಲಿ ತಿದ್ದಿ, ಪದವಿ ಓದಿದವರಲ್ಲೂ ಅದು ಉಳಿದುಬಿಟ್ಟಿದೆ.

ನಾಲ್ಕನೇ ವಾರ: ಬದಲಾಯಿಸಿ, ಮತ್ತೆ ಅಳೆಯಿರಿ

ಪ್ರತಿ ಸ್ವಿಚ್ಚಿನ ಪಕ್ಕ ಅದು ಯಾವ ಫ್ಯಾನಿನದು, ಯಾವ ದೀಪದ್ದು ಎಂದು ಚೀಟಿ ಅಂಟಿಸಿ. ಒಂದು ಫ್ಯಾನ್ ಆರಿಸಲು ಆರು ಸ್ವಿಚ್ ಒತ್ತಬೇಕಾದ ಕಡೆ ಯಾರೂ ಆರಿಸುವುದಿಲ್ಲ. ಆಟಕ್ಕೆ, ಬಿಸಿಯೂಟಕ್ಕೆ ಹೊರಡುವಾಗ ಆರಿಸುವ ಹೊಣೆ ಸರದಿಯಂತೆ ಇಬ್ಬರಿಗಿರಲಿ. ಸೆಕೆಯಲ್ಲಿ ಕುಳಿತ ಮಕ್ಕಳ ಮೇಲಿನ ಫ್ಯಾನ್ ಮಾತ್ರ ಆರಿಸಬೇಡಿ. ಕಲಬುರಗಿಯ ಮಾರ್ಚ್ ತಿಂಗಳಲ್ಲಿ ಅದು ಪಾಠವಲ್ಲ, ಶಿಕ್ಷೆ. ಹೋಲಿಕೆಗೆ ಮೊದಲ ವಾರದ ಅಂಕಿಯನ್ನೇ ಇಟ್ಟುಕೊಳ್ಳಿ, ರಜೆ ಅಥವಾ ಪರೀಕ್ಷೆಯ ದಿನಗಳನ್ನು ಬಿಡಿ. ಜನವರಿಯನ್ನು ಏಪ್ರಿಲ್‌ಗೆ ಹೋಲಿಸಿದರೆ ಗೊತ್ತಾಗುವುದು ಋತುವಿನ ವ್ಯತ್ಯಾಸವಷ್ಟೇ.

ಮನೆಯ ಮೀಟರ್ ಓದಲು ಹೇಳಿ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬಂದರೂ ಯೂನಿಟ್ ಸೊನ್ನೆಯಲ್ಲ. ಆದರೆ ಯಾರ ಮನೆಯಲ್ಲಿ ಕಡಿಮೆ ಎಂಬ ಸ್ಪರ್ಧೆ ಖಂಡಿತ ಬೇಡ. ಎರಡು ಬಲ್ಬಿನ ಮನೆಯ ಕಡಿಮೆ ಯೂನಿಟ್ ಉಳಿತಾಯವಲ್ಲ, ಕೊರತೆ. ಪ್ರತಿ ಮಗು ತನ್ನ ಮನೆಯ ಈ ವಾರವನ್ನು ತನ್ನದೇ ಹಿಂದಿನ ವಾರಕ್ಕೆ ಹೋಲಿಸಲಿ.

ಕೊನೆಗೆ ಮಕ್ಕಳು ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಂದು ಪುಟದ ಪತ್ರ ಬರೆಯಲಿ: ರಾತ್ರಿ ಖರ್ಚಾಗುವ ಯೂನಿಟ್, ಅದಕ್ಕೆ ಕಾರಣವಾದ ಉಪಕರಣಗಳು, ಮೊದಲು ಬದಲಿಸಬೇಕಾದ ಫ್ಯಾನ್‌ಗಳ ಸಂಖ್ಯೆ. 220 ಶಾಲಾ ದಿನ ಹಿಡಿದರೆ ನಾಲ್ಕೂ ಫ್ಯಾನನ್ನು ಬಿಎಲ್‌ಡಿಸಿಗೆ ಬದಲಿಸಿದ ಒಂದು ಕೋಣೆಯಲ್ಲಿ ವರ್ಷಕ್ಕೆ ಸುಮಾರು 238 ಯೂನಿಟ್, ಅಂದರೆ 166 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಈ ಲೆಕ್ಕವನ್ನೂ, ತಾವು ಅಳೆದ ಅಂಕಿಗಳ ಪಟ್ಟಿಯನ್ನೂ ಪತ್ರಕ್ಕೆ ಲಗತ್ತಿಸಲಿ.