ಬಣ್ಣದಡಿ ಅಡಗಿದ್ದ ‘ಡಿಝಡ್’

ನನ್ನ 1969ರ ಷೆವ್ರೊಲೆ ಕ್ಯಾಮರೊ ಝಡ್/28 ಕಾರಿನ ಎಂಜಿನ್ ಅಸಲಿಯೇ ಎಂಬ ಅನುಮಾನ ಕೊನೆಗೂ ಬಗೆಹರಿಯಿತು. ಬ್ಲಾಕಿನ ಹಿಂಬದಿಯ 3970010 ಎಂಬ ಎರಕದ ಸಂಖ್ಯೆಯನ್ನಷ್ಟೇ ನೆಚ್ಚಿ ಫಲವಿಲ್ಲ. ಸಾಧಾರಣ 350 ಘನ ಅಂಗುಲದ ಎಂಜಿನ್‌ಗಳಲ್ಲೂ ಅದೇ ಇರುತ್ತದೆ. ನಿಜ ನುಡಿಯುವುದು ಬಲಬದಿಯ ಸಿಲಿಂಡರ್ ಹೆಡ್‌ನ ಮುಂದೆ, ಬ್ಲಾಕಿನ ಮೇಲೆ ಎಂಜಿನ್‌ನ ಸಂಕೇತಾಕ್ಷರ ಒತ್ತಿರುವ ಪುಟ್ಟ ಪಟ್ಟಿ. ಅಡ್ಡವಿದ್ದ ಆಲ್ಟರ್ನೇಟರ್ ಬಿಚ್ಚಿ, ಪೇಂಟ್ ರಿಮೂವರ್ ಹಚ್ಚಿ ಬಟ್ಟೆಯಿಂದ ಒರೆಸಿದೆ. ಉಪ್ಪುಕಾಗದವನ್ನು ಹತ್ತಿರವೂ ಬಿಡಲಿಲ್ಲ. ಕಾರ್ಖಾನೆಯ ಯಂತ್ರ ಉಳಿಸಿದ ಕೂದಲೆಳೆಯಂಥ ಗೀರುಗಳೇ ದೊಡ್ಡ ಸಾಕ್ಷಿ. ಉಜ್ಜಿದರೆ ಅವೂ ಮಾಯ. ಟಾರ್ಚನ್ನು ಓರೆಯಾಗಿ ಹಿಡಿದಾಗ ಗೀರುಗಳ ಮೇಲೆ ಝಡ್/28 ಎಂಜಿನ್‌ನ ಸಂಕೇತವಾದ ‘ಡಿಝಡ್’ ಎದ್ದು ಕಂಡಿತು.

ಬ್ಲಾಕಿನ ಮೇಲ್ಮೈಯನ್ನು ಯಂತ್ರಕ್ಕೆ ಕೊಟ್ಟು ಸಮಗೊಳಿಸಿದರೆ ಈ ಪಟ್ಟಿಯೂ ಬೋಳಾಗುತ್ತದೆ. ಹಾಗಾಗಿ ವರ್ಕ್‌ಶಾಪಿನವರಿಗೆ ಅದನ್ನು ಮುಟ್ಟಕೂಡದೆಂದು ಬರೆದೇ ಕೊಟ್ಟೆ. ಈಗ ಪಟ್ಟಿಗೆ ತೆಳುವಾಗಿ ಎಣ್ಣೆ ಸವರಿದ್ದೇನೆ. 4053 ಸಂಖ್ಯೆಯ ಮೂಲ ‘ಹಾಲಿ’ ಕಂಪನಿಯ ಕಾರ್ಬ್ಯುರೇಟರ್ ಕಪಾಟಿನಲ್ಲಿದೆ. ಓಡಾಟಕ್ಕೆ ಬೇರೊಂದನ್ನು ಕೂರಿಸಿದ್ದೇನೆ.