ಇಂಜಿನ್ ಕೆಡದಂತೆ ಆಯಿಲ್ ಬದಲಿಸುವುದು ಹೇಗೆ?

ಮೊದಲ ಸಲ ನಾನೇ ಕಾರಿನ ಆಯಿಲ್ ಬದಲಿಸಿದ ದಿನ ಎಲ್ಲ ಸರಿಯಾಗೇ ಮಾಡಿದ್ದೇನೆ ಅಂದುಕೊಂಡಿದ್ದೆ. ಬೋಲ್ಟ್ ಬಿಗಿಯಾಗಿತ್ತು, ಫಿಲ್ಟರ್ ಹೊಸದು, ಆಯಿಲ್ ಅಳತೆಗೆ ಸರಿಯಾಗಿತ್ತು. ಇಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಕಡೆ ಬರುವಷ್ಟರಲ್ಲಿ ಕೆಳಗಿಂದ ಏನೋ ಚಿಮ್ಮುವ ಸದ್ದು. ಬಗ್ಗಿ ನೋಡಿದರೆ ಜೇನಿನ ಬಣ್ಣದ ಹೊಸ ಆಯಿಲ್ ನೆಲದ ತುಂಬ ಹರಡುತ್ತಿದೆ. ಓಡಿಹೋಗಿ ಕೀ ತಿರುಗಿಸುವ ಹೊತ್ತಿಗೆ ಹಾಕಿದ್ದರಲ್ಲಿ ಅರ್ಧದಷ್ಟು ಹೊರಗಿತ್ತು.

ಆಗಿದ್ದು ಇಷ್ಟೇ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆ ಬರದೆ ಇಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ನಾನು ನೋಡಲಿಲ್ಲ. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದೆ. ಒಂದರ ಮೇಲೊಂದು ಕೂತ ಎರಡು ರಿಂಗ್‌ಗಳು ಆಯಿಲ್ ಪಂಪಿನ ಒತ್ತಡ ತಡೆಯುವುದಿಲ್ಲ, ಜಾರಿ ಹೊರಗೆ ಬರುತ್ತವೆ. ಇಂಜಿನ್ ಉಳಿಯಿತು, ಯಾಕೆಂದರೆ ಕಾರು ಇನ್ನೂ ನಿಂತಲ್ಲೇ ಇತ್ತು. ರಸ್ತೆಗಿಳಿದ ಮೇಲೆ ಆಗಿದ್ದರೆ ಕಥೆ ಬೇರೆ.

ಮನೆಯಲ್ಲಿ ಹಾಳಾಗುವ ಇಂಜಿನ್‌ಗಳು ಕೆಲಸ ಗೊತ್ತಿಲ್ಲದೆ ಹಾಳಾಗುವುದು ಕಡಿಮೆ ಅಂತ ನನ್ನ ಅನಿಸಿಕೆ. ಕೆಲಸ ಸುಲಭವೇ. ಹಾಳು ಮಾಡುವುದು "ಇರಲಿ, ಇನ್ನೊಂಚೂರು" ಅನ್ನುವ ಕೈ. ಇನ್ನೊಂಚೂರು ಬಿಗಿ, ಇನ್ನೊಂಚೂರು ಆಯಿಲ್, ಇನ್ನೊಂಚೂರು ನೀರು. ಜೊತೆಗೆ, ಮಾಡಿ ಮುಗಿಸಿದ್ದನ್ನು ಬಗ್ಗಿ ನೋಡದ ಸೋಮಾರಿತನ.

ಸ್ಪ್ಯಾನರ್ ಹಿಡಿಯುವ ಮುಂಚೆ

ಕಾರಿನ ಜೊತೆ ಬಂದ ಮ್ಯಾನುಯಲ್ ತೆಗೆಯಿರಿ. ಅದರಲ್ಲಿ ಮುಖ್ಯವಾಗಿ ಎರಡು ವಿಷಯ ನೋಡಬೇಕು: ಯಾವ ಗ್ರೇಡ್ ಆಯಿಲ್, ಫಿಲ್ಟರ್ ಬದಲಿಸಿದಾಗ ಎಷ್ಟು ಲೀಟರ್. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಲೀಟರ್ ಹಿಡಿಯುತ್ತದೆ. ಆದರೆ ಅಂದಾಜು ಬೇಡ, ನಿಮ್ಮ ಕಾರಿನ ಲೆಕ್ಕವೇ ಬೇಕು. 0ಡಬ್ಲ್ಯು-20 (ಇದು ತೆಳು ಆಯಿಲ್‌ನ ಗ್ರೇಡ್) ಅಂತ ಬರೆದಿರುವ ಕಡೆ "ದಪ್ಪ ಆಯಿಲ್ ಹಾಕಿದರೆ ಇಂಜಿನ್ನಿಗೆ ಒಳ್ಳೇದು" ಅಂತ ಯಾರೋ ಹೇಳಿದ್ದನ್ನು ಕೇಳಿ ಬೇರೆ ಹಾಕಬೇಡಿ. ಇಂಜಿನ್ನಿನ ಒಳಗಿನ ಸಂದುಗಳನ್ನು ಆ ಆಯಿಲ್‌ಗೆ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಡೀಸೆಲ್ ಕಾರಾದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಇಲ್ಲದಿದ್ದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು, ಇದು ಇಂಜಿನ್ನಿನದ್ದಲ್ಲ, ನಿಮ್ಮದು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ತೂರಿಸಬೇಡಿ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡ ಕಟ್ಟೆ, ಎತ್ತಿದ ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಇಷ್ಟೂ ಇದ್ದರೆ ಮಾತ್ರ ಕೆಳಗೆ ಹೋಗಿ.

ಬಿಚ್ಚುತ್ತಿರುವ ಬೋಲ್ಟ್ ಯಾವುದು?

ಇಂಜಿನ್ನನ್ನು ನಾಲ್ಕೈದು ನಿಮಿಷ ಓಡಿಸಿ ಆಫ್ ಮಾಡಿ. ಆಯಿಲ್ ಬೆಚ್ಚಗಿದ್ದರೆ ಸರಾಗವಾಗಿ ಇಳಿಯುತ್ತದೆ. ದೂರ ಓಡಿಸಿಕೊಂಡು ಬಂದ ಕೂಡಲೇ ಬಿಚ್ಚಿದರೆ ಮಾತ್ರ ಕೈ ಸುಟ್ಟುಕೊಳ್ಳುತ್ತೀರಿ.

ಈಗ ಕೆಳಗೆ ಆಯಿಲ್ ಬಸಿಯುವ ಎರಡು ಬೋಲ್ಟ್ (ಡ್ರೈನ್ ಬೋಲ್ಟ್) ಕಾಣಬಹುದು. ಒಂದು ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಆಯಿಲ್ ಪ್ಯಾನ್‌ನದ್ದು, ಪಕ್ಕದಲ್ಲಿರುವುದು ಗೇರ್‌ಬಾಕ್ಸ್‌ನದ್ದು. ನೋಡಲು ಹೆಚ್ಚು ಕಡಿಮೆ ಒಂದೇ ಥರ. ಇಲ್ಲಿ ಎಡವಿದವರು ಗೇರ್‌ಬಾಕ್ಸ್ ಆಯಿಲ್ ಬಸಿದು, ಮೇಲಿಂದ ಇಂಜಿನ್ನಿಗೆ ಹೊಸ ಆಯಿಲ್ ಸುರಿಯುತ್ತಾರೆ. ಆಗ ಇಂಜಿನ್ನಿನಲ್ಲಿ ಎರಡು ಪಟ್ಟು ಆಯಿಲ್, ಗೇರ್‌ಬಾಕ್ಸಿನಲ್ಲಿ ಸೊನ್ನೆ. ಒಂದೇ ಸಲಕ್ಕೆ ಎರಡೂ ಹಾಳಾಗುವ ದಾರಿ ಇದು. ಆಟೋಮ್ಯಾಟಿಕ್ ಕಾರುಗಳಲ್ಲಿ ಇನ್ನೂ ಜಾಸ್ತಿ ಕಷ್ಟ, ಆ ಗೇರ್‌ಬಾಕ್ಸಿಗೆ ಮತ್ತೆ ಆಯಿಲ್ ತುಂಬುವುದು ಮನೆಯಲ್ಲಿ ಆಗುವ ಕೆಲಸವೇ ಅಲ್ಲ.

ತಪ್ಪಾಗಿದೆಯೋ ಇಲ್ಲವೋ ಅಂತ ತಿಳಿಯಲು ಸುಲಭ ಉಪಾಯವೊಂದಿದೆ. ಆಯಿಲ್ ಬಸಿದ ಮೇಲೆ, ಹೊಸದನ್ನು ಹಾಕುವ ಮುಂಚೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ತೆಗೆದು ಒರೆಸಿ ಮತ್ತೆ ಅದ್ದಿ ನೋಡಿ. ತುದಿ ಒಣಗಿರಬೇಕು. ಇನ್ನೂ ಫುಲ್ ಗೆರೆ ತೋರಿಸಿದರೆ ನೀವು ಬಸಿದದ್ದು ಇಂಜಿನ್ ಆಯಿಲ್ ಅಲ್ಲ. ಅಲ್ಲಿಗೇ ನಿಲ್ಲಿಸಿ. ಇಂಜಿನ್ ಸ್ಟಾರ್ಟ್ ಮಾಡಬೇಡಿ, ಕಾರನ್ನು ಲಾರಿ ಮೇಲೆ ಹೇರಿಸಿಯೇ ಗ್ಯಾರೇಜಿಗೆ ಕಳಿಸಿ.

ಬೋಲ್ಟ್ ವಾಪಸ್ ಹಾಕುವಾಗ

ಎಷ್ಟೋ ಕಾರುಗಳ ಆಯಿಲ್ ಪ್ಯಾನ್ ಅಲ್ಯುಮಿನಿಯಂನದ್ದು, ಬೋಲ್ಟ್ ಉಕ್ಕಿನದು. ಇವೆರಡರ ಜಗಳದಲ್ಲಿ ಸೋಲುವುದು ಯಾವಾಗಲೂ ಪ್ಯಾನ್. ಅದಕ್ಕೇ ಮೊದಲು ಸ್ಪ್ಯಾನರ್ ಬೇಡ, ಬೆರಳು ಸಾಕು. ಬೋಲ್ಟನ್ನು ತೂತಿಗೆ ಇಟ್ಟು ಒಮ್ಮೆ ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನ ತಿರುಗಿಸಿ. ಬೋಲ್ಟಿನ ಥ್ರೆಡ್ (ಸುರುಳಿ ಗೆರೆ) ಪ್ಯಾನಿನ ಥ್ರೆಡ್ಡಿಗೆ ಕೂತಾಗ ಸಣ್ಣದೊಂದು ಟಕ್ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ನಾಲ್ಕೈದು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗಬೇಕು. ಎರಡನೇ ಸುತ್ತಿಗೇ ಗಟ್ಟಿಯಾದರೆ ಅಡ್ಡ ಕೂತಿದೆ ಅಂತ ಅರ್ಥ. ತೆಗೆದು ಮತ್ತೆ ಹಾಕಿ.

ಬೋಲ್ಟಿನ ವಾಷರ್ ತಾಮ್ರದ್ದೋ ಅಲ್ಯುಮಿನಿಯಂನದ್ದೋ ಆಗಿದ್ದರೆ ಪ್ರತಿ ಸಲ ಹೊಸದು ಹಾಕಿ. ಅದು ಒಮ್ಮೆ ನಜ್ಜಾಗಿ ಸಂದು ಮುಚ್ಚುವುದಕ್ಕೆ ಇರುವುದು. ಹಳೇ ವಾಷರ್ ಹಾಕಿದರೆ ಸೋರುತ್ತದೆ, ಸೋರಿದರೆ ನಾವು ಇನ್ನೂ ಬಿಗಿ ಮಾಡುತ್ತೇವೆ, ಆಗ ಥ್ರೆಡ್ ಹೋಗುತ್ತದೆ. ಥ್ರೆಡ್ ಹೋಗುವ ಕ್ಷಣ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಗಟ್ಟಿಯಾಗುತ್ತಾ ಬಂದ ಬೋಲ್ಟ್ ಇದ್ದಕ್ಕಿದ್ದ ಹಾಗೆ ಮೇಣದಲ್ಲಿ ತಿರುಗಿದಂತೆ ಮೆತ್ತಗಾಗುತ್ತದೆ. ಒಂದು ಸಲ ಆ ಅನುಭವ ಆದವರು ಬಿಗಿಯನ್ನು ಅಳೆದು ಹೇಳುವ ಟಾರ್ಕ್ ರೆಂಚ್ ಕೊಳ್ಳುತ್ತಾರೆ. ಮುಂಚೆಯೇ ಕೊಂಡರೆ ಒಳ್ಳೇದು. ಸಣ್ಣ ಕಾರುಗಳಲ್ಲಿ ಬಿಗಿಯ ಅಳತೆ 25ರಿಂದ 40 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಇರುವುದು ಹೆಚ್ಚು. ನಿಮ್ಮ ಕಾರಿನದ್ದು ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಉದ್ದನೇ ಸ್ಪ್ಯಾನರ್ ಮೇಲೆ ಮೈಭಾರ ಬಿಟ್ಟರೆ ಅದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ.

ಫಿಲ್ಟರ್

ಹಳೇ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುಗಿಸಿ ಅದರ ಬಾಯಿ ನೋಡಿ. ರಬ್ಬರ್ ರಿಂಗ್ ಇದೆಯಾ? ಇಲ್ಲದಿದ್ದರೆ ಅದು ಇಂಜಿನ್ ಮೇಲಿದೆ. ಆಯಿಲ್‌ನಲ್ಲಿ ನೆನೆದ ಕಪ್ಪು ರಿಂಗ್ ಕಪ್ಪು ಲೋಹದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿ ನೋಡಬೇಕು. ನನ್ನದು ಉಗುರಿನಲ್ಲಿ ಕೆದಕಿದ ಮೇಲೆ ಬಂತು. ಫಿಲ್ಟರ್ ಕೂರುವ ಜಾಗ ಬಟ್ಟೆಯಲ್ಲಿ ಒರೆಸಿ, ಹೊಸ ರಿಂಗಿಗೆ ಹೊಸ ಆಯಿಲ್ ತೆಳುವಾಗಿ ಸವರಿ. ಒಣ ರಬ್ಬರ್ ಬಿಗಿಯಾಗುವಾಗ ಮಡಚಿಕೊಳ್ಳುತ್ತದೆ. ರಿಂಗ್ ಇಂಜಿನ್ನಿಗೆ ತಾಗಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು. ಅಷ್ಟೇ. ಫಿಲ್ಟರ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನು ಅನುಸರಿಸಿ. ಫಿಲ್ಟರ್ ಬಿಚ್ಚುವ ಟೂಲ್ ಹೆಸರೇ ಹೇಳುವ ಹಾಗೆ ಬಿಚ್ಚುವುದಕ್ಕೆ, ಹಾಕುವುದಕ್ಕಲ್ಲ.

ಆಯಿಲ್ ತುಂಬುವುದು

ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ. ಐದು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿ, ಸ್ವಲ್ಪ ಸ್ವಲ್ಪವೇ ಸೇರಿಸಿ. ಎಷ್ಟೋ ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಇರುವುದು ಒಂದು ಲೀಟರ್ ಆಸುಪಾಸು. ಕಾರು ಜಾಕ್ ಸ್ಟ್ಯಾಂಡ್ ಮೇಲೆ ವಾಲಿಕೊಂಡಿರುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ, ಇಳಿಸಿ ಸಮತಟ್ಟಿನಲ್ಲಿ ನೋಡಿ.

ಜಾಸ್ತಿ ಆಯಿಲ್ ಇದ್ದರೆ ಇಂಜಿನ್ ತಂಪಾಗಿರುತ್ತದೆ ಅನ್ನುವುದು ಬರೀ ನಂಬಿಕೆ. ಆಯಿಲ್ ಮಟ್ಟ ಏರಿದಾಗ ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಅದರೊಳಗೆ ಮುಳುಗಿ, ಕಡೆಗೋಲು ಆಡಿಸಿದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಅಂದರೆ ಗಾಳಿ. ಕ್ರ್ಯಾಂಕ್ ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದು ತಲೆಗೂದಲಿಗಿಂತ ತೆಳು. ಅಲ್ಲಿ ಆಯಿಲ್ ಪದರ ಇದ್ದಷ್ಟು ಹೊತ್ತು ಲೋಹಕ್ಕೆ ಲೋಹ ತಾಗುವುದಿಲ್ಲ. ಪಂಪ್ ಗಾಳಿ ಬೆರೆತ ಆಯಿಲ್ ಕಳಿಸಿದರೆ ಆ ಪದರ ಕಡಿದುಹೋಗುತ್ತದೆ, ಬೇರಿಂಗ್ ಸವೆಯುತ್ತದೆ, ಕೊನೆಗೆ ಇಂಜಿನ್ ಸೀಜ್, ಅಂದರೆ ಹಿಡಿದುಕೊಂಡು ನಿಂತೇಹೋಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಇನ್ನೊಂದು ಅಪಾಯ ಇದೆ. ಹೆಚ್ಚಾದ ಆಯಿಲ್ ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಗಾಳಿ ಎಳೆಯುವ ದಾರಿಗೆ ಸೇರಿದರೆ ಇಂಜಿನ್ ಅದನ್ನೇ ಇಂಧನವಾಗಿ ಸುಟ್ಟುಕೊಂಡು, ಕೀ ತೆಗೆದರೂ ನಿಲ್ಲದೆ, ತಡೆಯಿಲ್ಲದ ವೇಗಕ್ಕೆ ಏರಬಹುದು. ಜಾಸ್ತಿ ಬಿದ್ದಿದೆ ಅಂತ ಗೊತ್ತಾದರೆ ಡ್ರೈನ್ ಬೋಲ್ಟಿನಿಂದಲೋ, ಡಿಪ್‌ಸ್ಟಿಕ್ ಕೊಳವೆಯಿಂದ ಪಂಪ್ ಹಾಕಿ ಎಳೆದೋ ತೆಗೆಯಿರಿ. "ಓಡಿಸುತ್ತಾ ಕಡಿಮೆ ಆಗುತ್ತೆ ಬಿಡು" ಅಂತ ಬಿಡಬೇಡಿ.

ಹೊಸ ಆಯಿಲ್ ಹಾಕುವ ಮುಂಚೆ ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಇಂಜಿನ್ ಒಳಗೆ ತೊಳೆಯುವ ಹಳೇ ಅಭ್ಯಾಸವನ್ನೂ ಕೈಬಿಡಿ. ಇವು ಕೊಳೆಯ ಜೊತೆ ಬೇರಿಂಗ್ ಮೇಲಿನ ಆಯಿಲ್ ಪದರವನ್ನೂ ತೊಳೆದುಬಿಡುತ್ತವೆ.

ಮೊದಲ ಒಂದು ನಿಮಿಷ

ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟಬೇಡಿ. ಕಣ್ಣು ಆಯಿಲ್ ದೀಪದ ಮೇಲಿರಲಿ. ಖಾಲಿ ಫಿಲ್ಟರ್ ತುಂಬಿಕೊಳ್ಳುವ ತನಕ ಕೆಲವು ಸೆಕೆಂಡ್ ದೀಪ ಉರಿಯುವುದು ಸಹಜ. ಹತ್ತು ಸೆಕೆಂಡ್ ಆದರೂ ಆರದಿದ್ದರೆ ಆಫ್ ಮಾಡಿ. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಲ್ಲ, ಆಯಿಲ್ ಒತ್ತಡ ಇಲ್ಲ ಅಂತ ಹೇಳುವುದು. ಅದು ಉರಿಯುತ್ತಿರುವಾಗ "ಮುಂದಿನ ತಿರುವಿನ ತನಕ ಹೋಗೋಣ" ಅಂದವರ ಇಂಜಿನ್ ಎಷ್ಟೋ ಸಲ ಆ ತಿರುವಿನಲ್ಲೇ ನಿಂತಿದೆ.

ಇನ್ನೊಬ್ಬರು ಪಕ್ಕದಲ್ಲಿದ್ದರೆ ಅವರಿಗೆ ಟಾರ್ಚ್ ಕೊಟ್ಟು ದೂರದಿಂದಲೇ ಕೆಳಗೆ ನೋಡಲು ಹೇಳಿ. ಅವತ್ತು ನನ್ನ ಪಕ್ಕ ಯಾರೂ ಇರಲಿಲ್ಲ.

ಆಯಿಲ್ ಬಿಟ್ಟರೆ ಎಡವುವ ಜಾಗಗಳು

ಸ್ಪಾರ್ಕ್ ಪ್ಲಗ್ ಬದಲಿಸುವುದು ಸುಲಭ ಅಂತಾರೆ, ಸುಲಭವೇ. ಆದರೆ ಇಂಜಿನ್ ಪೂರ್ತಿ ತಣ್ಣಗಿರಬೇಕು. ಪ್ಲಗ್ ಬಿಚ್ಚುವ ಮುಂಚೆ ಅದರ ಗುಂಡಿಯಲ್ಲಿರುವ ಮಣ್ಣನ್ನು ಗಾಳಿ ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ಹೊಸ ಪ್ಲಗ್ಗಿನ ಹಿಂಬದಿಗೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ, ಆ ಪೈಪ್ ತಿರುಗಿಸುತ್ತಾ ಪ್ಲಗ್ ಕೂರಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಪ್ಲಗ್ ಮುಂದೆ ಹೋಗುವುದಿಲ್ಲ. ಸಾಕೆಟ್ ಹಾಕಿ ತಿರುಗಿಸಿದರೆ ಈ ಎಚ್ಚರಿಕೆ ಸಿಗುವುದಿಲ್ಲ, ಹೆಡ್ಡಿನ (ಪ್ಲಗ್ ಕೂರುವ ಇಂಜಿನ್ನಿನ ಮೇಲ್ಭಾಗ) ಥ್ರೆಡ್ಡೇ ಹೋಗುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಬಳಸಬೇಡಿ.

ಇಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲೆಂಟ್ ವಿಷಯದಲ್ಲಿ ಬಣ್ಣ ನೋಡಿ ಮೋಸ ಹೋಗುವವರು ಬಹಳ. ಹಸಿರು, ಕೆಂಪು, ನೀಲಿ ಬರೀ ಬಣ್ಣ, ಒಳಗಿರುವ ರಾಸಾಯನಿಕ ಕಂಪನಿಯಿಂದ ಕಂಪನಿಗೆ ಬೇರೆ. ಹೊಂದದ ಎರಡನ್ನು ಬೆರೆಸಿದರೆ ಗಸಿಯಂತೆ ಗಟ್ಟಿಯಾಗಿ ರೇಡಿಯೇಟರ್ ಕಟ್ಟಿಕೊಳ್ಳಬಹುದು. ಬರೀ ನೀರು ತುಂಬಿದರೆ ಒಳಗೆ ತುಕ್ಕು. ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆಯುವುದಂತೂ ಬೇಡವೇ ಬೇಡ. ಕುದಿದು ನಿಂತ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡಬಹುದು. ಆಯಿಲ್ ಹಾಕುವ ಮುಚ್ಚಳದ ಒಳಗೆ, ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದಂಥ ಬಿಳಿಚು ಗಸಿ ಕಂಡರೆ ಆಯಿಲ್‌ಗೆ ನೀರು ಸೇರಿರುವ ಸೂಚನೆ. ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್) ನೋಡಿಸಿ.

ಏರ್ ಫಿಲ್ಟರ್ ಹಾಕುವಾಗ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ ಅಂತ ನೋಡಿ. ಸಂದಿನಿಂದ ಹೋದ ಧೂಳು ಸಿಲಿಂಡರನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಒರೆಸುವ ಬಟ್ಟೆ ಒಳಗೇ ಬಿಟ್ಟು ಮುಚ್ಚಿದವರೂ ಇದ್ದಾರೆ, ನಗಬೇಡಿ. ವಾಲ್ವಿನ ಓಡಾಟವನ್ನು ಪಿಸ್ಟನ್ನಿಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಮಾತ್ರ ಮುಟ್ಟಲೇ ಬೇಡಿ. ಹಲ್ಲು ತಪ್ಪಿ ಕೂತರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿದು ಬಗ್ಗಿಸುತ್ತದೆ.

ತಪ್ಪಾಯಿತು, ಈಗ?

ಕೂಲೆಂಟ್ ಡಬ್ಬಿಗೆ ಬೇರೇನೋ ಸುರಿದಿರಿ, ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಹೋಯಿತು, ಪ್ಲಗ್ ಗುಂಡಿಯೊಳಗೆ ನಟ್ ಬಿತ್ತು. ಎಲ್ಲಕ್ಕೂ ಒಂದೇ ಉತ್ತರ: ಕೀ ತಿರುಗಿಸಬೇಡಿ. ಡೀಸೆಲ್ ಪಂಪಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲಿಗೆ ಆ ಗುಣ ಇಲ್ಲ, ಪಂಪ್ ಒಣಗಿ ಸವೆದು ಅದರ ಲೋಹದ ಪುಡಿ ಇಂಜೆಕ್ಟರ್ ತನಕ ಹೋಗುತ್ತದೆ. ಸ್ಟಾರ್ಟ್ ಮಾಡದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವುದರಲ್ಲೇ ಮುಗಿಯಬಹುದು. ಗ್ಯಾರೇಜಿನವರ ಹತ್ತಿರ ಏನು ಮಾಡಿದಿರಿ ಅಂತ ನಾಚಿಕೊಳ್ಳದೆ ಪೂರ್ತಿ ಹೇಳಿ. ಮುಚ್ಚಿಟ್ಟರೆ ಅವರು ಬೇರೆ ಕಡೆ ಹುಡುಕುತ್ತಾ ಕೂರುತ್ತಾರೆ.

ಮರುದಿನ ಬೆಳಿಗ್ಗೆ

ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ರಟ್ಟು ನೋಡಿ, ಡಿಪ್‌ಸ್ಟಿಕ್ ನೋಡಿ. ಹನಿ ಬಿದ್ದಿದ್ದರೆ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ನಿನ್ನೆ ಚೆಲ್ಲಿದ ಆಯಿಲ್ ಕೆಳಗಿನ ಕವರ್ ಮೇಲೆ ನಿಂತು ಈಗ ತೊಟ್ಟಿಕ್ಕುತ್ತಿರಬಹುದು. ಎಲ್ಲ ಒರೆಸಿ, ಹೊಸ ರಟ್ಟು ಹಾಕಿ, ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬಂದು ಮತ್ತೆ ನೋಡಿ. ಬಸಿದ ಹಳೇ ಆಯಿಲನ್ನು ಚರಂಡಿಗೆ ಬಿಡದೆ, ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ ಹಳೇ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ತುಂಬುವಾಗ ಎಷ್ಟು ಲೀಟರ್ ಬಂತು ಅಂತ ಅಳೆದು, ಕಿಲೋಮೀಟರ್ ಜೊತೆ ಬರೆದಿಡಿ. ಹಾಕಿದ್ದಕ್ಕಿಂತ ಬಂದದ್ದು ತೀರಾ ಕಡಿಮೆ ಇದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ. ಮುಂದಿನ ಸರ್ವಿಸ್ ತನಕ ಕಾಯದೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡುತ್ತಿರಿ.