ಊದುಬತ್ತಿ ಕಡ್ಡಿ ಮತ್ತು ಕಿಟಕಿಯ ಹಿಡಿಕೆ

ಹೋದ ಆಷಾಢದಲ್ಲಿ ಬೆಂಗಳೂರಿಗೆ ಮಗನ ಮನೆಗೆ ಹೋಗಿದ್ದೆ. ಬಾಡಿಗೆ ಮನೆ, ಹಳೆಯದು, ಒಳ್ಳೇ ತೇಗದ ಕಿಟಕಿಗಳು. ಸಂಜೆ ಇರಚಲು ಹೊಡೆಯುತ್ತಿದೆಯೆಂದು ಕಿಟಕಿ ಎಳೆದುಕೊಳ್ಳಲು ಕೈ ಚಾಚಿದರೆ ಹಿಡಿಕೆ ಇರಬೇಕಾದಲ್ಲಿ ಒಂದು ನೈಲಾನ್ ದಾರ ನೇತಾಡುತ್ತಿತ್ತು. "ಹಿಡಿಕೆ ನಿಲ್ಲೋದೇ ಇಲ್ಲಮ್ಮ, ಮೂರು ಸಲ ಹಾಕಿದೆ" ಎಂದ ಮಗ. ಕನ್ನಡಕ ಹಾಕಿಕೊಂಡು ನೋಡಿದೆ. ಹಳೇ ತೂತು ಎರಡು, ಅದರಿಂದ ಒಂದಿಂಚು ಮೇಲೆ ಮತ್ತೆರಡು, ಅದಕ್ಕೂ ಮೇಲೆ ಇನ್ನೆರಡು. ನೂರು ವರ್ಷ ಬಾಳುವ ಮರವನ್ನು ಮೂರು ಭಾನುವಾರಗಳಲ್ಲಿ ಜರಡಿ ಮಾಡಿಟ್ಟಿದ್ದ. ಆವತ್ತು ಬೈದೆ. ಆಮೇಲೆ ತಂಗಿ ಮಗಳ ಮನೆಯಲ್ಲಿ ಅದೇ ಕಥೆ, ಊರಲ್ಲಿ ಪಕ್ಕದ ಮನೆಯಲ್ಲೂ ಅದೇ ಕಥೆ. ಓದಿದ ಮಕ್ಕಳು, ಕೈಯಲ್ಲಿ ಕರೆಂಟಿನ ಡ್ರಿಲ್ಲು ಬೇರೆ, ಇಷ್ಟು ಸಣ್ಣ ಕೆಲಸವನ್ನು ಹೀಗೆ ಕೆಡಿಸುತ್ತಾರಲ್ಲ ಎಂದು ಹೊಟ್ಟೆ ಉರಿದು ಇದನ್ನು ಬರೆಯುತ್ತಿದ್ದೇನೆ.

ಹಿಡಿಕೆ ಬದಲಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಹಳೇ ತೂತಿನ ಕೆಲಸ. ಅದನ್ನೇ ಯಾರೂ ಮಾಡುವುದಿಲ್ಲ.

ಅದಕ್ಕೂ ಮುಂಚೆ ಒಂದು ಮಾತು. ಹಿಡಿಕೆ ಯಾಕೆ ಕಿತ್ತುಬಂತು ಅಂತ ನೋಡಿದಿರಾ? ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಕದ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಬಾರದ ಕದವನ್ನು ಹಿಡಿಕೆ ಹಿಡಿದು ಜಗ್ಗುತ್ತೀರಿ. ಪಾಪ, ಮುಕ್ಕಾಲಿಂಚಿನ ಸ್ಕ್ರೂ ಎಷ್ಟು ತಾಳೀತು? ಇಲ್ಲವೇ ಮೇಲಿನ ಬಿಜಾಗ್ರಿಯ ಸ್ಕ್ರೂ ಸಡಿಲಾಗಿ ಕದ ಜೋತು, ಕೆಳಗಿನ ಮೂಲೆ ಉಜ್ಜುತ್ತಿರುತ್ತದೆ. ಮೊದಲು ಬಿಜಾಗ್ರಿ ಬಿಗಿ ಮಾಡಿ. ಆಮೇಲೆ ದಾರಂದದ ಒಳಅಂಚಿಗೆ ಸೀಮೆಸುಣ್ಣ ಬಳಿದು ಕದ ಮುಚ್ಚಿ ತೆಗೆಯಿರಿ. ಎಲ್ಲಿ ಬಿಳಿ ಹತ್ತಿತೋ ಅಲ್ಲಿ ಕಚ್ಚುತ್ತಿದೆ ಎಂದರ್ಥ. ಅಲ್ಲಿಗೆ ಮೇಣದಬತ್ತಿ ತಿಕ್ಕಿದರೆ ಮಳೆಗಾಲ ದಾಟುತ್ತದೆ. ದಯವಿಟ್ಟು ಶ್ರಾವಣದಲ್ಲಿ ಆಚಾರಿಯನ್ನು ಕರೆದು ತೋಪಡ ಹೊಡೆಸಬೇಡಿ. ಶಿವರಾತ್ರಿ ಹೊತ್ತಿಗೆ ಮರ ಒಣಗಿ ಕುಗ್ಗಿದಾಗ ಎರಡು ಬೆರಳು ಸಂದು ಬಿಟ್ಟು ಕದ ಗಾಳಿಗೆ ದಡದಡ ಹೊಡೆದುಕೊಳ್ಳುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಮಾವನವರು ಮರದ ಕೆಲಸವನ್ನೆಲ್ಲ ಅಡಿಕೆ ಕೊಯ್ಲು ಮುಗಿದ ಮೇಲೆ, ಬಿಸಿಲು ಬಲಿತ ಮೇಲೇ ಇಟ್ಟುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

ಹಾಗೇ, ಹಿಡಿಕೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಬೇಡಿ. ಒದ್ದೆ ಬೆಡ್‌ಶೀಟಿನ ಭಾರ ಎಷ್ಟೆಂದು ಹಿಂಡಿದವರಿಗೆ ಗೊತ್ತು.

ಹಳೇ ಹಿಡಿಕೆ ಬಿಚ್ಚುವಾಗ ಅವಸರ ಬೇಡ. ಸುತ್ತ ಬಣ್ಣ ಕೂತು ಹಿಡಿಕೆಯೂ ಮರವೂ ಒಂದಾಗಿರುತ್ತದೆ. ಬ್ಲೇಡಿನಿಂದ ಅಂಚಿನ ಗುಂಟ ಗೀರಿ, ಇಲ್ಲದಿದ್ದರೆ ಎಳೆದಾಗ ಬಣ್ಣದ ಜೊತೆ ಮರದ ಚಕ್ಕೆಯೂ ಎದ್ದು ಬರುತ್ತದೆ. ಸ್ಕ್ರೂ ತಲೆಯ ಗೀರಿನಲ್ಲಿ ತುಂಬಿದ ಬಣ್ಣವನ್ನು ದಬ್ಬಣದಿಂದ ಕೆದಕಿ ತೆಗೆಯಿರಿ. ಸ್ಕ್ರೂಡ್ರೈವರ್ ಬಾಯಿ ಆ ಗೀರಿನಷ್ಟೇ ಅಗಲ ಇರಬೇಕು, ಸಣ್ಣದು ಹಾಕಿ ತಿರುಗಿಸಿದರೆ ತಲೆ ಸವೆದು ಕೆಲಸ ಕೆಟ್ಟಿತು. ಹಟ ಹಿಡಿದ ಸ್ಕ್ರೂವನ್ನು ಮೊದಲು ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿ, ತುಕ್ಕಿನ ಹಿಡಿತ ಬಿಡುತ್ತದೆ, ಆಮೇಲೆ ಬಿಚ್ಚಿ. ಅದಕ್ಕೂ ಜಗ್ಗದಿದ್ದರೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಬರುತ್ತದೆ.

ಬಿಚ್ಚಿದ ಹಿಡಿಕೆಯನ್ನು ಎಸೆಯಬೇಡಿ. ಅದನ್ನೇ ಹಿಡಿದು ಅಂಗಡಿಗೆ ಹೋಗಿ. "ಆರಿಂಚಿನ ಹ್ಯಾಂಡಲ್ ಕೊಡಿ" ಎಂದರೆ ಅಂಗಡಿಯವ ಆರಿಂಚಿನದು ಕೊಡುತ್ತಾನೆ, ಮನೆಗೆ ಬಂದು ನೋಡಿದರೆ ತೂತಿಗೆ ತೂತು ಕೂಡುವುದಿಲ್ಲ. ಬೇಕಾದ ಅಳತೆ ಹಿಡಿಕೆಯ ಉದ್ದ ಅಲ್ಲ, ಒಂದು ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿಗೆ. ಹಿಡಿಕೆ ಮುರಿದು ಕಳೆದೇ ಹೋಗಿದ್ದರೆ ಕದದ ಮೇಲೆ ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ. ತೂತುಗಳು ಅಚ್ಚಾಗಿ ಮೂಡುತ್ತವೆ, ಆ ಕಾಗದ ಜೇಬಿಗೆ ಹಾಕಿಕೊಂಡು ಹೊರಡಿ. ಮಂಗಳೂರು, ಕುಂದಾಪುರದಂಥ ಸಮುದ್ರದ ಗಾಳಿಯ ಊರಾದರೆ ಕಬ್ಬಿಣದ್ದು ಬೇಡವೇ ಬೇಡ. ಹಿತ್ತಾಳೆ ತನ್ನಿ, ಸ್ಟೀಲಾದರೆ 316 ದರ್ಜೆಯದು ಎಂದು ಕೇಳಿ ತನ್ನಿ. ಎಲ್ಲ ಕಡೆ ಸಿಗುವ 304ಕ್ಕಿಂತ ಅದು ಉಪ್ಪುಗಾಳಿಗೆ ಚೆನ್ನಾಗಿ ತಡೆಯುತ್ತದೆ. ಹಿತ್ತಾಳೆ ಹಿಡಿಕೆಗೆ ಕಬ್ಬಿಣದ ಸ್ಕ್ರೂ ಹಾಕಿದರಂತೂ ಸ್ಕ್ರೂ ಒಂದೆರಡು ಮಳೆಗಾಲಕ್ಕೇ ತಿಂದುಹೋಗುತ್ತದೆ, ಸುತ್ತಲ ಮರವೂ ಕಪ್ಪಾಗುತ್ತದೆ.

ಈಗ ತೂತಿನ ವಿಷಯ. ಇದನ್ನು ಗಮನವಿಟ್ಟು ಓದಿ.

ಸವೆದು ದೊಡ್ಡದಾದ ತೂತಿಗೆ ಇನ್ನೂ ದಪ್ಪ ಸ್ಕ್ರೂ ಹಾಕುವುದು ಒಂದು ಪೆದ್ದುತನ. ಅದು ಮರವನ್ನು ಸೀಳುತ್ತದೆ, ಅದರ ತಲೆಯೂ ಹಿಡಿಕೆಯ ತಗ್ಗಿನಲ್ಲಿ ಕೂರದೆ ಮೇಲೆದ್ದು ಸೀರೆ ಸೆರಗು ಹರಿಯುತ್ತದೆ. ಉದ್ದದ ಸ್ಕ್ರೂ ಹಾಕುವುದು ಇನ್ನೊಂದು. ಗಾಜಿನ ಬದಿಗೆ ಓರೆಯಾಗಿ ಹೊರಟರೆ ಗಾಜು ಬಿರಿಯುತ್ತದೆ. ಬೆಂಕಿಕಡ್ಡಿ ತುರುಕುವವರೂ ಇದ್ದಾರೆ. ಬೆಂಕಿಕಡ್ಡಿಯ ಮರ ಮೆತ್ತಗೆ, ಸ್ವಲ್ಪ ದಿನಕ್ಕೆ ಹಿಟ್ಟಾಗುತ್ತದೆ. ನಮ್ಮ ಮನೆಗೆ ಬರುತ್ತಿದ್ದ ಆಚಾರ್ರು ತೂತಿಗೆ ಒಣಗಿದ ಬಿದಿರು ಸೀಳಿ ಹೊಡೆಯುತ್ತಿದ್ದರು. ಬಿದಿರಿನ ನಾರು ಗಟ್ಟಿ, ಸ್ಕ್ರೂವಿನ ಹಲ್ಲನ್ನು ಕಚ್ಚಿ ಹಿಡಿಯುತ್ತದೆ. ಪೇಟೆಯಲ್ಲಿ ಬಿದಿರು ಎಲ್ಲಿಂದ ತರುತ್ತೀರಿ? ದೇವರ ಮುಂದೆಯೇ ಇದೆಯಲ್ಲ! ಊದುಬತ್ತಿಯ ಕಡ್ಡಿ ಬಿದಿರಿನದು. ಉರಿದು ಉಳಿದ ತುಂಡುಗಳನ್ನು ನಾನು ಎಷ್ಟೋ ವರ್ಷಗಳಿಂದ ಒಂದು ತಗಡಿನ ಡಬ್ಬದಲ್ಲಿ ಕೂಡಿಡುತ್ತ ಬಂದಿದ್ದೇನೆ. ಸೊಸೆ ಮೊದಮೊದಲು ಕಸವೆಂದು ಎಸೆಯುತ್ತಿದ್ದಳು. ಈಗ ಅವಳೇ ಡಬ್ಬಕ್ಕೆ ಹಾಕುತ್ತಾಳೆ.

ಕಡ್ಡಿಯ ಮೇಲೆ ಅಂಟಿದ ಬತ್ತಿಯ ಹಿಟ್ಟನ್ನೂ ಬಣ್ಣವನ್ನೂ ಚಾಕುವಿನಿಂದ ಹೆರೆದು ತೆಗೆಯಿರಿ. ಬರೀ ಬಿದಿರು ಕಾಣಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಸುಟ್ಟ ತುದಿ ಕತ್ತರಿಸಿ. ಇನ್ನು ತೂತಿನೊಳಗೆ ಏನಿದೆ ನೋಡಿ: ತುಕ್ಕು, ಮರದ ಪುಡಿ, ಕೆಲವೊಮ್ಮೆ ಇರುವೆಗಳ ಮಣ್ಣು. ಪಿನ್ನಿನಿಂದ ಕೆದಕಿ, ಊದಿ. ಊದುವಾಗ ಕಣ್ಣು ಮುಚ್ಚಿಕೊಳ್ಳಿ. ತೂತು ಒಣಗಿರಬೇಕು, ಸೀಮೆಎಣ್ಣೆ ಬಿಟ್ಟಿದ್ದರೆ ಅದು ಪೂರ್ತಿ ಆರುವ ತನಕ ಕಾಯಬೇಕು. ಮಳೆಗಾಲವಾದರೆ ತಲೆಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಹೊತ್ತು ಬಿಸಿಗಾಳಿ ಹಿಡಿಯಿರಿ, ಗಾಜಿಗೆ ತಾಗದ ಹಾಗೆ.

ಕಡ್ಡಿಗಳನ್ನು ತೂತಿನ ಆಳಕ್ಕಿಂತ ಅರ್ಧ ಬೆರಳು ಉದ್ದ ಬಿಟ್ಟು ಕತ್ತರಿಸಿ. ಒಂದೊಂದರ ತುದಿಯನ್ನೂ ಪೆನ್ಸಿಲಿನಂತೆ ಚೂಪು ಮಾಡಿ. ಅಂಟಿಲ್ಲದೆ ಒಮ್ಮೆ ಹಾಕಿ ನೋಡಿ. ಎರಡು ಹಿಡಿಸಬಹುದು, ನಾಲ್ಕು ಹಿಡಿಸಬಹುದು, ಅದು ತೂತಿನ ಮೇಲೆ. ಕೊನೆಯ ಕಡ್ಡಿ ಬಿಗಿಯಾಗಿ, ಸ್ವಲ್ಪ ಮುನಿಸಿಕೊಂಡೇ ಒಳಗೆ ಹೋಗಬೇಕು. ಸರಿಯಾಯಿತು ಎನಿಸಿದ ಮೇಲೆ ಎಲ್ಲ ಹೊರತೆಗೆದು, ತೂತಿನೊಳಗೆ ಫೆವಿಕಾಲ್ ಸವರಿ, ಕಡ್ಡಿಗಳನ್ನೂ ಅದರಲ್ಲಿ ಅದ್ದಿ ಒಂದೊಂದಾಗಿ ಇಳಿಸಿ. ಕೊನೆಯದನ್ನು ಸ್ಕ್ರೂಡ್ರೈವರಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಸುತ್ತಿಗೆ ಬೇಡ, ಮರ ಸೀಳುತ್ತದೆ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ನಮ್ಮತ್ತೆಯ ಕಾಲದಲ್ಲಿ ಫೆವಿಕಾಲ್ ಎಲ್ಲಿತ್ತು? ಹಲಸಿನ ಮೇಣವನ್ನು ಕೋಲಿಗೆ ಸುತ್ತಿಟ್ಟುಕೊಂಡು, ಕೆಂಡಕ್ಕೆ ಹಿಡಿದು ಕರಗಿಸಿ ಸೋರುವ ಮಡಕೆಗೂ ಅದನ್ನೇ, ಅಲುಗಾಡುವ ಕತ್ತಿಯ ಹಿಡಿಗೂ ಅದನ್ನೇ ಹಚ್ಚುತ್ತಿದ್ದರು. ಆ ವಾಸನೆ ಈಗಲೂ ಮೂಗಿನಲ್ಲಿದೆ.

ಇನ್ನು ಒಂದು ರಾತ್ರಿ ಮುಟ್ಟಬೇಡಿ. ಮಳೆಗಾಲದಲ್ಲಿ ಪೂರ್ತಿ ಒಂದು ಹಗಲು, ಒಂದು ರಾತ್ರಿ. ಮಗ ಅರ್ಧ ಗಂಟೆಗೇ ಸ್ಕ್ರೂ ಹಿಡಿದು ಬಂದ. ಹಸಿ ಅಂಟಿನಲ್ಲಿ ತಿರುಗಿಸಿದರೆ ಕಡ್ಡಿಗಳೆಲ್ಲ ಸ್ಕ್ರೂ ಜೊತೆ ಗಿರಗಿರ ಸುತ್ತುತ್ತವೆ, ಮತ್ತೆ ಮೊದಲಿಂದ. ಇಡ್ಲಿ ಹಿಟ್ಟು ಹುದುಗುವುದಕ್ಕೆ ರಾತ್ರಿಯಿಡೀ ಕಾಯುತ್ತೀರಿ, ಇದಕ್ಕೂ ಕಾಯಿರಿ.

ಬೆಳಿಗ್ಗೆ ಹೊರಗೆ ಚಾಚಿದ ಕಡ್ಡಿಗಳನ್ನು ಹರಿತವಾದ ಚಾಕುವಿನಿಂದ ಮರದ ಮಟ್ಟಕ್ಕೆ ಕೊಯ್ಯಿರಿ. ಮುರಿಯಬೇಡಿ, ಮುರಿದರೆ ಒಳಗಿನ ನಾರು ಕಿತ್ತು ಬರುತ್ತದೆ. ಸ್ಯಾಂಡ್ ಪೇಪರಿನಿಂದ ಒಮ್ಮೆ ಉಜ್ಜಿದರೆ ಅಲ್ಲಿ ತೂತಿತ್ತು ಎಂದು ಬೆರಳಿಗೂ ತಿಳಿಯಬಾರದು. ಆಗ ಹೊಸ ಹಿಡಿಕೆ ಇಟ್ಟು ಪೆನ್ಸಿಲಿನಿಂದ ಗುರುತು ಮಾಡಿ, ಸ್ಕ್ರೂಗಿಂತ ತೆಳ್ಳಗಿನ ಮೊಳೆಯನ್ನು ಸ್ಕ್ರೂವಿನ ಅರ್ಧ ಉದ್ದದಷ್ಟು ಇಳಿಸಿ ಕಿತ್ತುಬಿಡಿ. ಮನೆಯಲ್ಲಿ ಸಣ್ಣ ಬೈರಿಗೆ ಇದ್ದರೆ ಇನ್ನೂ ಒಳ್ಳೆಯದು. ಸ್ಕ್ರೂಗೆ ಮೇಣದಬತ್ತಿ ತಿಕ್ಕಿ. ಸೋಪು ತಿಕ್ಕುವವರಿದ್ದಾರೆ, ಬೇಡ. ಸೋಪು ತೇವ ಎಳೆದುಕೊಂಡು ಸ್ಕ್ರೂಗೆ ತುಕ್ಕು ಹಿಡಿಸುತ್ತದೆ. ಹಿತ್ತಾಳೆ ಸ್ಕ್ರೂ ಆದರೆ ಇನ್ನೊಂದು ಕಿರಿಕಿರಿ: ಅದು ಮೆತ್ತಗಿನ ಲೋಹ, ಗಟ್ಟಿ ಮರದಲ್ಲಿ ತಿರುಗಿಸುವಾಗ ಕುತ್ತಿಗೆ ಹತ್ತಿರ ಕಟ್ಟನೆ ತುಂಡಾಗುತ್ತದೆ. ಅದಕ್ಕೆ ಅದೇ ಅಳತೆಯ ಸ್ಟೀಲಿನ ಸ್ಕ್ರೂವನ್ನು ಮೊದಲು ಹಾಕಿ, ದಾರಿ ಮಾಡಿಕೊಂಡು, ಬಿಚ್ಚಿ ಆಮೇಲೆ ಹಿತ್ತಾಳೆಯದು ಹಾಕಬೇಕು. ಎರಡೆರಡು ಸಲ ಯಾಕೆ ಎಂದು ಕೇಳಬೇಡಿ. ತುಂಡಾದ ಸ್ಕ್ರೂವನ್ನು ಮರದಿಂದ ತೆಗೆಯುವ ಕಷ್ಟ ನಾನು ಪಟ್ಟಿದ್ದೇನೆ, ಇಡೀ ಮಧ್ಯಾಹ್ನ ಹೋಯಿತು.

ಕೊನೆಯ ಬಿಗಿ ಕೈಯಲ್ಲೇ. ಡ್ರಿಲ್ಲಿನಲ್ಲಿ ಗರ್ರ್ ಎನಿಸಿದಿರೋ, ಹೊಸ ತೂತೂ ಆ ಕ್ಷಣವೇ ಹಾಳು. ಎರಡೂ ಸ್ಕ್ರೂ ಅರ್ಧರ್ಧ ಹಾಕಿ, ಹಿಡಿಕೆ ನೆಟ್ಟಗಿದೆಯೋ ದೂರ ನಿಂತು ನೋಡಿ, ಆಮೇಲೆ ಒಂದಾದ ಮೇಲೆ ಒಂದು ಬಿಗಿಯಿರಿ. ಮಣಿಕಟ್ಟಿಗೆ ಸಾಕು ಎನಿಸಿದಾಗ ನಿಲ್ಲಿಸಿ.

ಸ್ಕ್ರೂಡ್ರೈವರ್ ಕೈಯಲ್ಲಿರುವಾಗಲೇ ಅಡುಗೆಮನೆಗೂ ಹೋಗಿ ಕುಕ್ಕರಿನ ಹಿಡಿಯ ಸ್ಕ್ರೂ ಬಿಗಿ ಮಾಡಿ. ಎಷ್ಟು ಮನೆಯಲ್ಲಿ ನೋಡಿದ್ದೇನೆ, ಹಿಡಿ ಲಟಪಟ ಅಲುಗಾಡುತ್ತಿದ್ದರೂ ಕುದಿಯುವ ಬೇಳೆ ಹೊತ್ತುಕೊಂಡು ಓಡಾಡುತ್ತಾರೆ, ಪಕ್ಕದಲ್ಲಿ ಮಗು ನಿಂತಿರುತ್ತದೆ. ನೋಡಿದರೆ ನನ್ನ ಎದೆ ಝಲ್ಲೆನ್ನುತ್ತದೆ. ಕುಕ್ಕರ್ ತಣ್ಣಗಿದ್ದಾಗ ಬಿಗಿಯಬೇಕು.

ಹಳೇ ಹಿತ್ತಾಳೆ ಹಿಡಿಕೆ ಗಟ್ಟಿಯಾಗಿಯೇ ಇದ್ದು ಬರೀ ಕಪ್ಪಾಗಿದ್ದರೆ ಹೊಸದಕ್ಕೆ ದುಡ್ಡು ಹಾಕಬೇಡಿ. ಬಿಚ್ಚಿದ್ದೀರಲ್ಲ, ದೀಪದ ಕಂಬ ತಿಕ್ಕಿದ ಹಾಗೆ ಹುಣಸೆಹುಳಿ ಉಪ್ಪು ಹಾಕಿ ತಿಕ್ಕಿ, ಚೆನ್ನಾಗಿ ತೊಳೆದು, ಒರೆಸಿ ಒಣಗಿಸಿ. ಹುಳಿ ಉಳಿದರೆ ಮಾರನೇ ದಿನವೇ ಹಸಿರು ಕಿಲುಬು ಹಿಡಿಯುತ್ತದೆ. ಕದದ ಮೇಲಿದ್ದಾಗಲೇ ತಿಕ್ಕಿ ಆ ಹುಳಿಯನ್ನೆಲ್ಲ ಮರಕ್ಕೆ ಕುಡಿಸಬೇಡಿ.

ಮೈಸೂರಿನಲ್ಲಿ ಮಗಳ ಫ್ಲ್ಯಾಟಿನಲ್ಲಿ ಯುಪಿವಿಸಿ ಕಿಟಕಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು. ಅದರಲ್ಲಿ ಮರವೂ ಇಲ್ಲ, ಬಿದಿರೂ ಬೇಡ. ಹಿಡಿಕೆಯನ್ನು ತೆರೆಯುವ ಕಡೆಗೆ ಅಡ್ಡ ತಿರುಗಿಸಿ, ಬುಡದ ಪ್ಲಾಸ್ಟಿಕ್ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದರೆ ಎರಡು ಸ್ಕ್ರೂ ಕಾಣುತ್ತವೆ. ಬಿಚ್ಚಿದರೆ ಚೌಕದ ಒಂದು ಕಡ್ಡಿ ಸಮೇತ ಹಿಡಿಕೆ ಹೊರಗೆ ಬರುತ್ತದೆ. ಸಾಮಾನ್ಯವಾಗಿ ಆ ಕಡ್ಡಿ 7 ಮಿಲಿಮೀಟರ್ ದಪ್ಪ, ಸ್ಕ್ರೂಗಳ ನಡುವೆ 43 ಮಿಲಿಮೀಟರ್. ಕಡ್ಡಿಯ ಉದ್ದ ಮಾತ್ರ ಕಿಟಕಿಯಿಂದ ಕಿಟಕಿಗೆ ಬೇರೆ, ಅದನ್ನು ಅಳೆಯದೆ ಅಂಗಡಿಗೆ ಹೋಗಬೇಡಿ. ಹೊಸದನ್ನು ಕೂರಿಸುವಾಗಲೂ ಹಿಡಿಕೆ ಹಾಗೇ ಅಡ್ಡವಾಗಿಯೇ ಇರಲಿ. ನಡುವೆ ಯಾರಾದರೂ ಒಳಗಿನದನ್ನು ತಿರುಗಿಸಿದರೆ ಬೀಗ ತಾಳ ತಪ್ಪುತ್ತದೆ. ಕಬ್ಬಿಣದ ಕಿಟಕಿಯ ಹಿಡಿಕೆ ಬುಡದಲ್ಲೇ ಕಿತ್ತಿದ್ದರೆ ವೆಲ್ಡಿಂಗಿನವರನ್ನು ಕರೆಯಿರಿ, ಆದರೆ ಗಾಜಿನ ಮೇಲೆ ಒದ್ದೆ ಗೋಣಿತಾಟು ಹೊದೆಸಿ. ಕಿಡಿ ಹಾರಿ ಗಾಜಿಗೆ ಅಂಟಿದರೆ ಆ ಚುಕ್ಕೆ ಜನ್ಮದಲ್ಲಿ ಹೋಗುವುದಿಲ್ಲ.

ಮಗನ ಕಿಟಕಿಯ ಆರೂ ತೂತುಗಳನ್ನು ನಾನೇ ಕೂತು ತುಂಬಿದೆ. ಹದಿನಾರು ಕಡ್ಡಿ ಹಿಡಿಯಿತು. ಹಿಡಿಕೆಯನ್ನು ಮೊದಲಿನ ಜಾಗಕ್ಕೇ ಹಾಕಿಸಿ, ಉಳಿದ ನಾಲ್ಕು ಗುರುತಿನ ಮೇಲೆ ಪಾಲಿಶ್ ಸವರಿದೆ. ಮೊನ್ನೆ ದೀಪಾವಳಿಗೆ ಹೋದಾಗ ಮೊದಲು ಹೋಗಿ ಅದನ್ನೇ ಎಳೆದು ನೋಡಿದೆ, ಅಲುಗಾಡಲಿಲ್ಲ. ಆದರೂ ಮಳೆಗಾಲ ಕಳೆದ ಮೇಲೆ ಮರ ಕುಗ್ಗಿರುತ್ತದೆಂದು ಎರಡೂ ಸ್ಕ್ರೂಗೆ ಕಾಲು ಸುತ್ತು ಕೊಟ್ಟು ಬಂದೆ. ಹಬ್ಬದ ಧೂಳು ಹೊಡೆಯುವಾಗ ನೀವೂ ಮನೆಯ ಎಲ್ಲ ಹಿಡಿಕೆಗಳಿಗೂ ಅಷ್ಟು ಮಾಡಿ.